ಗೇಟು ತೆಗೆದ ಕೈ

ಅಕ್ಕಾ,

ಇವತ್ತು ಕೋರ್ಟಿಗೆ ನೀನು ಬರಲಿಲ್ಲ, ನಿನ್ನ ವಕೀಲರಷ್ಟೇ ಬಂದಿದ್ದರು. ನಿನ್ನ ನಾಯಿ ಕಚ್ಚಿದ ನನ್ನ ಕೈಗೆ ಪರಿಹಾರ ಯಾಕೆ ಕೊಡಬೇಕೆಂದು ಜೋರು ಮಾಡಿದರು.

“ನಾಯಿ ಇದೆ ಅಂತ ಬೋರ್ಡಿತ್ತಲ್ಲಮ್ಮ, ಗೇಟು ಯಾಕೆ ತೆಗೆದ್ರಿ?”

ನನಗೂ ರೇಗಿತು. “ಗುಂಡನ್ನ ಮರಿಯಿಂದ ಎತ್ತಿ ಆಡಿಸಿದೋಳು ನಾನು! ಅಕ್ಕ ಮಾತು ಬಿಟ್ರೆ ಅದೂ ಬಿಡುತ್ತಾ? ಗುರುತು ಹಿಡಿಯುತ್ತೆ ಅಂದ್ಕೊಂಡೆ.”

ವಕೀಲರು ಕನ್ನಡಕ ತೆಗೆದರು. “ಗುಂಡ ಹೋದ ವರ್ಷವೇ ಸತ್ತುಹೋದ. ನಿಮ್ಮನ್ನ ಕಚ್ಚಿದ್ದು ಅವನ ಮರಿ. ನಿಮಗೆ ಯಾರೂ ಹೇಳ್ಲಿಲ್ವಾ?”

ನಾನು ಕಟಕಟೆಯ ಸರಳು ಹಿಡಿದು ನಿಂತೆ.

“ಹೋಗಲಿ, ಅಷ್ಟು ವರ್ಷದ ಮೇಲೆ ಅಕ್ಕನ ಮನೆಗೆ ಯಾಕೆ ಬಂದಿದ್ರಿ?”

“ನನ್ನ ಹೊಲಿಗೆ ಮಷಿನ್ ತಗೊಂಡು ಹೋಗೋಕೆ,” ಎಂದೆ.

ಗುಮಾಸ್ತ ಹಾಗೆಯೇ ಬರೆದುಕೊಂಡ. ನಿನ್ನ ಮನೆಯಲ್ಲಿ ನನ್ನ ಮಷಿನ್ ಯಾವತ್ತೂ ಇರಲಿಲ್ಲವೆಂದು ನಿನಗೊಬ್ಬಳಿಗೇ ಗೊತ್ತು.