ಮಲಗುವ ಕೋಣೆಯ ಕಿಟಕಿಯ ಹಿಡಿಕೆಯನ್ನು ಹಿಂದಿರುಗಿಸುವ ಕುರಿತು

ನಗರ ವಸತಿ ಕಛೇರಿಯಲ್ಲಿ ಗಾಳಿಯ ಉಸ್ತುವಾರಿ ಹೊತ್ತಿರುವ ಮಾನ್ಯರೇ,

ತಮ್ಮ ಕಛೇರಿ ನಮ್ಮ ಮನೆಯೊಳಗೆ ಬಿಸಿ ಮಾಡಿದ ಹೊಸ ಗಾಳಿಯನ್ನು ತಂದಿತು, ನನ್ನ ಹೆಂಡತಿಯನ್ನು ಹೊರಗೆ ಕಳಿಸಿತು. ನನ್ನ ದೂರು ಇಷ್ಟೇ. ಮುಂದೆ ಬರುವುದೆಲ್ಲ ಇದರ ವಿವರಣೆ. ತಮಗೆ ಪುರುಸೊತ್ತಿಲ್ಲದಿದ್ದರೆ ಇಲ್ಲಿಗೇ ಓದು ನಿಲ್ಲಿಸಿ ನಮ್ಮ ಮಲಗುವ ಕೋಣೆಯ ಕಿಟಕಿಯ ಹಿಡಿಕೆಯನ್ನು ಕಳಿಸಿಕೊಡಬಹುದು. ಇದನ್ನು ಪತ್ರಿಕೆಯಲ್ಲಿ ಹಾಕಿಸಿದ್ದಕ್ಕೆ ಬೇಸರ ಬೇಡ. ಮೊದಲು ತಮಗೇ ಬರೆದಿದ್ದೆ. "ತಮ್ಮ ಮನೆಯ ಗಾಳಿಯ ಗುಣಮಟ್ಟ ಅತ್ಯುತ್ತಮವಾಗಿದೆ" ಎಂದು ಉತ್ತರ ಬಂತು. ನಾನು ಗಾಳಿಯ ಯೋಗಕ್ಷೇಮ ಕೇಳಿರಲಿಲ್ಲ, ಹೈಡ್ರುನ್ ವಿಷಯ ಬರೆದಿದ್ದೆ.

ಹೈಡ್ರುನ್ ನನ್ನ ಹೆಂಡತಿ. ನಾನು ನಿವೃತ್ತ ಬಸ್ ಚಾಲಕ. ಹಾರ್ಟ್ಸ್ ಬೆಟ್ಟದ ತಪ್ಪಲಿನ ಈ ಊರಿನಲ್ಲಿ ಬಸ್ಸು ಹತ್ತಿದವರೆಲ್ಲ ನನ್ನ ಎಡಗತ್ತನ್ನು ನೋಡಿರುತ್ತಾರೆ, ಏಕೆಂದರೆ ಅದಕ್ಕೆ ಸದಾ ಉಣ್ಣೆಯ ಪಟ್ಟಿ ಸುತ್ತಿರುತ್ತಿತ್ತು. ಚಾಲಕನ ಪಕ್ಕದ ಕಿಟಕಿಯ ಸಂದಿಯಿಂದ ನುಗ್ಗುವ ಗಾಳಿ ಮನುಷ್ಯನಿಗೆ ಏನು ಮಾಡುತ್ತದೆ ಎಂಬುದನ್ನು ಕುರ್ಚಿಯ ಮೇಲೆ ಕೂತು ಕೆಲಸ ಮಾಡುವ ತಮಗೆ ಹೇಳಿ ತಿಳಿಸುವುದು ಕಷ್ಟ. ನಮ್ಮ ದೇಶದಲ್ಲಿ ಇರುವುದು ಎರಡೇ ಪಂಗಡ. ಮೈ ಕೊರೆಯುವ ಚಳಿಯಲ್ಲೂ ದಿನಕ್ಕೆ ಎರಡು ಸಲ ಕಿಟಕಿಯನ್ನು ಹಾರುಹೊಡೆದು ಹಳೆಯ ಗಾಳಿಯನ್ನು ಓಡಿಸದಿದ್ದರೆ ಮನೆ ಮಂದಿಯೆಲ್ಲ ಸಾಯುತ್ತಾರೆ ಎಂದು ನಂಬಿದವರು ಒಂದು ಕಡೆ. ಸಂದಿಯಿಂದ ಬರುವ ಗಾಳಿ ಬಡಿದರೇ ಸಾಯುವುದು ಎಂದು ನಂಬಿದವರು ಇನ್ನೊಂದು ಕಡೆ. ದೇವರು ಬಹಳ ಮುತುವರ್ಜಿಯಿಂದ ಪ್ರತಿ ಮದುವೆಗೂ ಎರಡೂ ಪಂಗಡದಿಂದ ಒಬ್ಬೊಬ್ಬರನ್ನು ಆರಿಸಿ ಕಳಿಸುತ್ತಾನೆ. ನಮ್ಮ ಮನೆಯ ಪಾಲಿಗೆ ತೆರೆಯುವವಳು ಅವಳು, ಮುಚ್ಚುವವನು ನಾನು.

ಮದುವೆಯಾದ ದಿನದಿಂದ ಮಲಗುವ ಮುಂಚೆ ನಮ್ಮಲ್ಲಿ ಈ ಮಾತು ತಪ್ಪಿದ್ದಿಲ್ಲ.

"ಹೈಡ್ರುನ್, ಗಾಳಿ ಬಡೀತಿದೆ."

"ಬಡೀಲಿ ಬಿಡು. ನಿನ್ನೆ ನೀನು ಬಿಟ್ಟ ಉಸಿರು ಇನ್ನೂ ಇಲ್ಲೇ ಓಡಾಡ್ತಿದೆ."

"ನನ್ನ ಕತ್ತಿನ ಗತಿ ಏನು?"

"ಮದುವೆಯಾದಾಗಿಂದ ಅದೇ ಕತ್ತನ್ನ ನೋಡ್ತಿದ್ದೀನಿ. ಇನ್ನೂ ತಲೆ ಹೊತ್ಕೊಂಡೇ ನಿಂತಿದೆಯಲ್ಲ."

ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಗುತ್ತಿತ್ತು. ಅವಳ ತಂಗಿಯ ಗಂಡನ ಜಿಪುಣತನ, ಕೆಳಮನೆಯವರ ಹೊಸ ನಾಯಿ, ನಾನು ನಮ್ಮ ಮಧುಚಂದ್ರದಲ್ಲಿ ರೈಲಿನ ಕಿಟಕಿ ಮುಚ್ಚಿಸಿ ಬೋಗಿಯವರೆಲ್ಲರ ಶಾಪ ತಿಂದಿದ್ದು. ನಡುನಡುವೆ ಅವಳು ಎದ್ದು ತೆರೆಯುವಳು, ನಾನು ಎದ್ದು ಮುಚ್ಚುವೆ. ಕೊನೆಗೆ ಇಬ್ಬರಿಗೂ ಏಳಲು ಸೋಮಾರಿತನವಾದಾಗ ಕಿಟಕಿ ಹೇಗಿರುತ್ತಿತ್ತೋ ಹಾಗೇ ಬಿಟ್ಟು ಮಲಗುತ್ತಿದ್ದೆವು. ಇದನ್ನು ನಾವು ಜಗಳ ಎಂದು ಕರೆಯುತ್ತಿದ್ದೆವು. ಬೇರೆ ಹೆಸರು ನಮಗೆ ಗೊತ್ತಿರಲಿಲ್ಲ.

ಹೀಗಿರುವಾಗ ತಾವು ಬಂದಿರಿ. ಅಟ್ಟದ ಮೇಲೆ ಯಂತ್ರ ಕೂರಿಸಿದಿರಿ, ಸೂರಿನೊಳಗೆ ಕೊಳವೆ ಹಾಯಿಸಿದಿರಿ, ನಮ್ಮ ಮಂಚದ ನೆತ್ತಿಗೆ ಸರಿಯಾಗಿ ಬಿಳಿ ತಟ್ಟೆಯಂಥ ಒಂದು ಗಾಳಿಕಂಡಿ ಇಟ್ಟಿರಿ. ಆಮೇಲೆ ನೆಲಮಹಡಿಯ ಸಭಾಕೋಣೆಯಲ್ಲಿ ನಮ್ಮನ್ನೆಲ್ಲ ಕೂರಿಸಿ ಚಿತ್ರ ತೋರಿಸಿ ತಾವೇ ಖುದ್ದಾಗಿ ವಿವರಿಸಿದಿರಿ. ಮನೆಯಿಂದ ಹೊರಹೋಗುವ ಹಳೆಯ ಗಾಳಿ ತನ್ನ ಬಿಸಿಯನ್ನು ಒಳಬರುವ ಹೊಸ ಗಾಳಿಗೆ ಕೊಟ್ಟು ಹೋಗುತ್ತದೆ, ಆದರೆ ಒಂದನ್ನೊಂದು ಮುಟ್ಟುವುದಿಲ್ಲ ಎಂದಿರಿ. ಎಂಥ ಮರ್ಯಾದಸ್ಥ ಏರ್ಪಾಡು ಅನ್ನಿಸಿತು ನನಗೆ. ಹೈಡ್ರುನ್‌ಗೆ ಹೊಸ ಗಾಳಿ, ನನಗೆ ಬೆಚ್ಚಗಿನ ಕತ್ತು. ಇನ್ನು ಮುಂದೆ ಯಾರೂ ಕಿಟಕಿ ತೆರೆಯಬೇಕಾಗಿಲ್ಲ, ತೆರೆಯಲೂ ಬಾರದು ಎಂದು ತಾವು ಹೇಳಿದಾಗ ಮೂರನೇ ಮಹಡಿಯ ಶ್ರೀಮತಿ ಲೋಡರ್ ಎದ್ದು ನಿಂತರು. ನಮ್ಮ ಕಟ್ಟಡದಲ್ಲಿ ನಿಯಮಗಳನ್ನು ಓದಿಕೊಂಡಿರುವವರು ಅವರು. ದಿನಕ್ಕೆ ಎರಡು ಸಲ ಕಿಟಕಿಗಳನ್ನು ಪೂರ್ತಿ ತೆರೆಯತಕ್ಕದ್ದು ಎಂದು ತಮ್ಮದೇ ಬಾಡಿಗೆ ಕರಾರು ಹೇಳುತ್ತದಲ್ಲ, ಅದರ ಗತಿ ಏನು ಎಂದು ಕೇಳಿದರು. ಕರಾರು ತಿದ್ದುಪಡಿಯಾಗುವವರೆಗೂ ಆ ಕಲಮು ಜಾರಿಯಲ್ಲಿರುತ್ತದೆ, ಆದರೆ ಅದನ್ನು ಪಾಲಿಸಕೂಡದು ಎಂದು ತಾವು ಅಪ್ಪಣೆ ಕೊಡಿಸಿದಿರಿ. ಶ್ರೀಮತಿ ಲೋಡರ್ ಅಂದಿನಿಂದ ನಿದ್ದೆಗೆಟ್ಟಿದ್ದಾರೆ.

ಮಾನ್ಯರೇ, ಅದಾದ ಮೇಲೆ ತಾವೇನು ಮಾಡಿದಿರಿ ನೆನಪಿದೆಯೇ? ಚಿತ್ರಗಳನ್ನು ಮಡಿಸಿಟ್ಟು, ಕರವಸ್ತ್ರದಿಂದ ಹಣೆ ಒರೆಸಿಕೊಂಡು, "ಇಲ್ಲಿ ಸ್ವಲ್ಪ ಉಸಿರು ಕಟ್ಟಿದ ಹಾಗಿದೆ ಅಲ್ವಾ?" ಎಂದಿರಿ. ಎದ್ದು ಹೋಗಿ ಕಿಟಕಿ ತೆರೆದಿರಿ.

ಯಾರೂ ನಗಲಿಲ್ಲ. ಏಕೆಂದರೆ ಯಾರಿಗೂ ಅದರಲ್ಲಿ ವಿಚಿತ್ರ ಕಾಣಲಿಲ್ಲ. ಸಭೆ ಎಂದ ಮೇಲೆ ನಡುವೆ ಕಿಟಕಿ ತೆರೆಯುವುದು ನಮ್ಮಲ್ಲಿ ನಮಸ್ಕಾರ ಹೇಳಿದಷ್ಟೇ ಸಹಜ. ಕಟ್ಟಡಕ್ಕೆ ಕಟ್ಟಡವೇ ಎದೆ ತುಂಬ ಉಸಿರೆಳೆದುಕೊಂಡು ತಮಗೆ ಧನ್ಯವಾದ ಹೇಳಿತು. ನನ್ನ ಕತ್ತಿಗೆ ಗಾಳಿ ಬಡಿದದ್ದರಿಂದ ನಾನೊಬ್ಬ ಮಾತ್ರ ಕಾಲರ್ ಎತ್ತಿಕೊಂಡು ತಮ್ಮನ್ನೇ ನೋಡುತ್ತಿದ್ದೆ.

ಹೀಗಿರುವಾಗ ಮರುದಿನ ಬೆಳಿಗ್ಗೆ ಏನಾಯಿತು ಎಂದು ತಾವು ಅಷ್ಟೊಂದು ಸಿಡಿಮಿಡಿಗೊಂಡದ್ದೇಕೆ? ಏಳು ಗಂಟೆಗೆ ಕಟ್ಟಡದ ಕಿಟಕಿಗಳೆಲ್ಲ ಒಟ್ಟಿಗೆ ತೆರೆದವು. ರಾತ್ರಿಯ ಬೆವರು ಆರಲೆಂದು ಪುಕ್ಕದ ರಜಾಯಿಗಳು ಹೊರಗೆ ಜೋತುಬಿದ್ದವು. ತಮ್ಮ ಯಂತ್ರ ಪಾಪ ಇಡೀ ರಾತ್ರಿ ದುಡಿದು ಕಾಯಿಸಿದ ಗಾಳಿಯೆಲ್ಲ ಬೀದಿಗೆ ಹೋಯಿತು. ಊರಿನ ಗುಬ್ಬಚ್ಚಿಗಳು ನಮ್ಮ ಕಿಟಕಿಗಳ ಕೆಳಗೆ ಬಂದು ಚಳಿ ಕಾಯಿಸಿಕೊಳ್ಳತೊಡಗಿದವು. ತಾವು ಸೂಚನೆ ಅಂಟಿಸಿದಿರಿ, ನಾವು ಓದಿದೆವು, ಸರಿ ಎಂದು ತಲೆಯಾಡಿಸಿದೆವು, ಹೋಗಿ ಕಿಟಕಿ ತೆರೆದೆವು. ಬೇಕೆಂದು ಮಾಡಿದ್ದಲ್ಲ. ಬೆಳಿಗ್ಗೆ ಎದ್ದವರ ಕೈ ಕಣ್ಣಿಗಿಂತ ಮುಂಚೆ ಕಿಟಕಿಗೆ ಹೋಗುತ್ತದೆ.

ಕೊನೆಗೆ ತಮ್ಮ ಜನ ಬಂದು ಕಿಟಕಿಗಳ ಹಿಡಿಕೆಗಳನ್ನೇ ಬಿಚ್ಚಿಕೊಂಡು ಹೋದರು. ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಶ್ರೀಮತಿ ಲೋಡರ್ ಕೇಳಿದ್ದಕ್ಕೆ, ಪ್ರತಿ ಕಿಟಕಿಯ ಪಕ್ಕ ಗಾಜು ಒಡೆಯುವ ಒಂದೊಂದು ಕೆಂಪು ಸುತ್ತಿಗೆ ನೇತುಹಾಕಿದರು. ತುರ್ತು ಸಂದರ್ಭದಲ್ಲಿ ಮಾತ್ರ ಎಂದು ಕೆಳಗೆ ಬರೆದಿದೆ. ನನ್ನ ಬಸ್ಸಿನಲ್ಲೂ ಇದ್ದದ್ದು ಥೇಟ್ ಅದೇ. ಇಡೀ ಕಟ್ಟಡದಲ್ಲಿ ಒಂದೇ ಒಂದು ಹಿಡಿಕೆ ಉಳಿದಿದೆ. ಅದು ಸಭಾಕೋಣೆಯದು, ಅಲ್ಲಿಗೆ ತಾವು ಬರುತ್ತಿರುತ್ತೀರಲ್ಲ. ಈಗ ಬೆಳಿಗ್ಗೆ ಏಳಕ್ಕೆ ಆ ಒಂದು ಕಿಟಕಿಯ ಮುಂದೆ ಕಟ್ಟಡದವರೆಲ್ಲ ರಜಾಯಿ ಹೊತ್ತು ಸಾಲು ನಿಲ್ಲುತ್ತಾರೆ. ಸರದಿ ತಪ್ಪಿಸಿ ನುಗ್ಗುವವರನ್ನು ಶ್ರೀಮತಿ ಲೋಡರ್ ಗದರಿಸುತ್ತಾರೆ. ಅವರು ಮೊದಲಿಗಿಂತ ಗೆಲುವಾಗಿದ್ದಾರೆ, ಆ ಮಟ್ಟಿಗೆ ತಮ್ಮ ಯೋಜನೆ ಫಲಿಸಿದೆ.

ಹೈಡ್ರುನ್ ಸಾಲಿನಲ್ಲಿ ನಿಲ್ಲಲಿಲ್ಲ. ಮಂಚದ ಮೇಲೆ ಹತ್ತಿ ನಿಂತು ತಮ್ಮ ಗಾಳಿಕಂಡಿಗೆ ಅಂಗೈ ಒಡ್ಡಿ ಬಹಳ ಹೊತ್ತು ಪರೀಕ್ಷಿಸಿದಳು.

"ಬರ್ತಿದೆ, ಆದ್ರೆ ಇದು ಗಾಳಿಯಲ್ಲ ಎಗ್ಬರ್ಟ್. ಇದು ಯಾರದೋ ನಿಟ್ಟುಸಿರು" ಎಂದಳು.

ನಿಜ ಹೇಳುತ್ತೇನೆ, ಮೊದಲ ಕೆಲವು ದಿನ ನಾನು ಸ್ವರ್ಗದಲ್ಲಿದ್ದೆ. ಉಣ್ಣೆ ಪಟ್ಟಿ ಬಿಚ್ಚಿಟ್ಟು ಮಲಗಿದೆ. ಕತ್ತು ಗೂಬೆಯ ಕತ್ತಿನ ಹಾಗೆ ಎರಡೂ ಕಡೆ ತಿರುಗತೊಡಗಿತು. ಒಂದು ದಿನ ಹಾಗೆ ಅವಳ ಕಡೆ ತಿರುಗಿದಾಗ, ಅವಳು ಕಣ್ಣು ಬಿಟ್ಟುಕೊಂಡು ಸೂರನ್ನು ನೋಡುತ್ತ ಮಲಗಿದ್ದಳು. ಏನಾದರೂ ಹೇಳಬೇಕೆನ್ನಿಸಿತು. ಗಾಳಿ ಬಡಿಯುತ್ತಿರಲಿಲ್ಲ, ಹಳೆಯ ಉಸಿರೂ ಇರಲಿಲ್ಲ. ಎಲ್ಲಿಂದ ಮಾತು ಶುರು ಮಾಡಬೇಕು ಎಂಬುದೇ ಇಬ್ಬರಿಗೂ ಮರೆತುಹೋಗಿತ್ತು. ಗುಡ್ ನೈಟ್ ಎಂದೆ. ಅವಳೂ ಅಂದಳು, ಆದರೆ ನನಗೋ ಗಾಳಿಕಂಡಿಗೋ ಗೊತ್ತಾಗಲಿಲ್ಲ.

ಅದರ ಮರುವಾರ ಕಾಫಿ ಕುಡಿಯುತ್ತ ಅವಳು ಕೆಂಪು ಸುತ್ತಿಗೆಯನ್ನೇ ದಿಟ್ಟಿಸುತ್ತಿದ್ದಳು. "ಬದುಕೆಲ್ಲ ನೀನು ಬಸ್ಸಲ್ಲಿ ಕೂತೆ, ಈಗ ಮನೇನೂ ಬಸ್ಸಾಯ್ತು. ಇನ್ನೊಂದು ದಿನ ಇಲ್ಲಿದ್ರೆ ಆ ಸುತ್ತಿಗೆ ತಗೊಂಡ್ಬಿಡ್ತೀನಿ" ಎಂದಳು. ತನ್ನ ರಜಾಯಿ ಸುತ್ತಿಕೊಂಡು ಊರಾಚೆ ಕೈತೋಟದವರ ಸಂಘ ನಮಗೆ ಬಾಡಿಗೆಗೆ ಕೊಟ್ಟಿರುವ ಗೇಣಗಲದ ತೋಟದ ಗುಡಿಸಲಿಗೆ ಹೊರಟುಹೋದಳು.

ಆ ಗುಡಿಸಲನ್ನು ತಾವು ಬಂದು ನೋಡಬೇಕು. ಒಂದು ಕಬ್ಬಿಣದ ಒಲೆ, ಅದರ ನೆತ್ತಿಯ ಮೇಲೆ ಸದಾ ತೆರೆದಿರುವ ಪುಟ್ಟ ಕಿಟಕಿ. ಹೊರಗಿನ ತಣ್ಣನೆ ಗಾಳಿ ಕಿಟಕಿಯಿಂದ ಇಳಿದು, ಒಲೆಯ ಮೇಲೆ ಕಾದು, ಕೋಣೆ ಸುತ್ತಿ, ಬಾಗಿಲ ಸಂದಿಯಿಂದ ಹೊರಗೆ ಹೋಗುತ್ತದೆ. ತಮ್ಮ ಯಂತ್ರ ಕೊಳವೆ, ಮೀಟರು, ಚಿತ್ರಸಹಿತ ಉಪನ್ಯಾಸದ ಸಮೇತ ಮಾಡುವ ಕೆಲಸ ಇದೇ ಅಲ್ಲವೇ? ಆದರೆ ಚಳಿಗಾಲದಲ್ಲಿ ಗುಡಿಸಲಿನಲ್ಲಿ ವಾಸ ನಿಷಿದ್ಧ. ಕೈತೋಟದವರ ಸಂಘದ ಅಧ್ಯಕ್ಷರು ಅದನ್ನು ಹೇಳಲೆಂದೇ ಬಂದರು. ಮೊದಲು ಬೇಲಿಯ ಎತ್ತರ ಅಳೆದರು, ಆಮೇಲೆ ಒಳಗೆ ಕೂತು ಅವಳ ಸೇಬಿನ ಕೇಕು ತಿಂದರು, ಇಲ್ಲಿಯ ಗಾಳಿ ಬಹಳ ಚೆನ್ನಾಗಿದೆ ಎಂದರು, "ತಿಂಗಳ ಕೊನೆಯವರೆಗೆ ಮಾತ್ರ ನಾನು ಏನನ್ನೂ ನೋಡಿಲ್ಲ" ಎಂದು ಎದ್ದು ಹೋದರು. ಆಮೇಲೆ ಅವಳು ಉತ್ತರದ ಸಮುದ್ರದಂಡೆಯಲ್ಲಿರುವ ತಂಗಿಯ ಮನೆಗೆ ಹೋಗುತ್ತಾಳಂತೆ. ಅಲ್ಲಿ ಕಿಟಕಿ ಮುಚ್ಚಿದರೂ ಗಾಳಿ ಬರುತ್ತದಂತೆ. ತಂಗಿಯ ಜಿಪುಣ ಗಂಡನ ಜೊತೆ ಬಾಳಲೂ ತಯಾರಿದ್ದಾಳೆ ಎಂದರೆ ಪರಿಸ್ಥಿತಿಯ ಗಾಂಭೀರ್ಯ ತಮಗೆ ಅರ್ಥವಾಗಬೇಕು.

ಕಳೆದ ಭಾನುವಾರ ಮಸೂರ ಬೇಳೆಯ ಸೂಪು ಮಾಡಿಕೊಂಡು, ಕತ್ತಿಗೆ ಪಟ್ಟಿ ಸುತ್ತಿಕೊಂಡು ಅಲ್ಲಿಗೆ ಹೋದೆ. ದೂರದಿಂದಲೇ ನೋಡಿದೆ. ಗುಡಿಸಲಿನ ಕಿಟಕಿ ಮುಚ್ಚಿತ್ತು. ಅವಳಿಗೆ ಹುಷಾರಿಲ್ಲವೇನೋ, ಏನಾದರೂ ಆಗಿಬಿಟ್ಟಿದೆಯೇನೋ ಎಂದು ಓಡಿದೆ. ಹೈಡ್ರುನ್ ಒಲೆಯ ಮುಂದೆ ಕೂತು ಕಾಲ್ಚೀಲ ಹೆಣೆಯುತ್ತಿದ್ದಳು.

"ಕಿಟಕಿ ಯಾಕೆ ಮುಚ್ಚಿದೆ?" ಎಂದೆ.

"ನೀನು ಬರ್ತೀಯಲ್ಲ, ಕತ್ತು ಹಿಡ್ಕೊಂಡ್ಬಿಡುತ್ತೆ ಅಂತ."

ಕೂತೆ. ಇಷ್ಟು ವರ್ಷದಲ್ಲಿ ಅವಳು ತಾನಾಗಿ ಕಿಟಕಿ ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ. ಎದ್ದು ಹೋಗಿ ಕಿಟಕಿ ತೆರೆದೆ. ನಾನು ತೆರೆಯುವುದನ್ನು ಅವಳೂ ಎಂದೂ ಕಂಡಿರಲಿಲ್ಲ.

"ಗಾಳಿ ಬಡಿಯುತ್ತೆ, ಎಗ್ಬರ್ಟ್."

"ಬಡೀಲಿ ಬಿಡು" ಎಂದೆ.

ಅವಳು ಎದ್ದು ಮುಚ್ಚಿದಳು. ನಾನು ತೆರೆದೆ. ಅವಳು ನಿನಗೆ ತಲೆ ಕೆಟ್ಟಿದೆ ಎಂದಳು. ನಾನು ನಿನ್ನ ತಂಗಿಯ ಮನೆಯಲ್ಲಿ ಕಾಫಿಗೆ ಸಕ್ಕರೆ ಎಣಿಸಿ ಹಾಕುತ್ತಾರೆ ಎಂದೆ. ಅಲ್ಲಿಂದ ಮಾತು ರೈಲಿಗೆ ಹೋಯಿತು, ನಾಯಿಗೆ ಹೋಯಿತು, ಸೂಪು ಆರಿ ತಣ್ಣಗಾಯಿತು. ಮಾನ್ಯರೇ, ನನಗೆ ಅವಳಿಲ್ಲದೆ ಆಗುವುದಿಲ್ಲ. ಇದನ್ನು ಅವಳಿಗೆ ಹೇಳಲು ನಾಚಿಕೆಯಾಗಿ ಪತ್ರಿಕೆಯ ಮೂಲಕ ತಮಗೆ ಹೇಳುತ್ತಿದ್ದೇನೆ.

ಆದ್ದರಿಂದ ನನ್ನ ಬೇಡಿಕೆ. ನಮ್ಮ ಮಲಗುವ ಕೋಣೆಯ ಕಿಟಕಿಗೆ ಹಿಡಿಕೆ ಬೇಕು. ತಮ್ಮ ಯಂತ್ರಕ್ಕೆ ನಷ್ಟವಾಗದಂತೆ ನೋಡಿಕೊಳ್ಳುತ್ತೇನೆ. ಅವಳು ತೆರೆಯುತ್ತಾಳೆ, ನಾನು ಮುಚ್ಚುತ್ತೇನೆ, ನಡುವೆ ಪೋಲಾಗುವ ಬಿಸಿಯನ್ನು ತಾವು ಸಂಸಾರದ ಖರ್ಚು ಎಂದು ಬರೆದುಕೊಳ್ಳಬಹುದು. ಹೊಸ ಹಿಡಿಕೆ ಕೊಡಲಾಗದಿದ್ದರೆ ಸಭಾಕೋಣೆಯದನ್ನೇ ಕೊಡಿ, ಅಳತೆ ಒಂದೇ. ನಿನ್ನೆ ಸ್ಕ್ರೂಡ್ರೈವರ್ ಹಿಡಿದು ಅದರ ಮುಂದೆ ಬಹಳ ಹೊತ್ತು ನಿಂತಿದ್ದೆ, ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ಅಪ್ಪಣೆಯಿಲ್ಲದೆ ಸ್ಕ್ರೂ ತಿರುಗಿಸಲು ಕೈ ಬರಲಿಲ್ಲ. ನಾವು ಎಂಥ ಜನ ಎಂಬುದು ತಮಗೂ ಗೊತ್ತಲ್ಲ.

ಆದರೆ ಒಂದು ಮಾತು. ಅಷ್ಟು ವರ್ಷ ಬಸ್ಸು ಓಡಿಸಿದೆ, ಆ ಕೆಂಪು ಸುತ್ತಿಗೆಯನ್ನು ಯಾರೂ ಮುಟ್ಟುವ ಪ್ರಸಂಗ ಬರಲಿಲ್ಲ. ಯಾವುದು ತುರ್ತು ಸಂದರ್ಭ ಎಂದು ತೀರ್ಮಾನಿಸುವ ಅಧಿಕಾರ ಚಾಲಕನದು ಎಂದು ಕೆಲಸಕ್ಕೆ ಸೇರಿದ ದಿನ ನಮಗೆ ಹೇಳಿಕೊಟ್ಟಿದ್ದರು. ತಿಂಗಳ ಕೊನೆಗೆ ಹೈಡ್ರುನ್ ತನ್ನ ರಜಾಯಿ ಹೊತ್ತು ಸಮುದ್ರದ ಕಡೆಯ ರೈಲು ಹತ್ತಲು ಹೊರಟರೆ, ಅದು ತುರ್ತು ಸಂದರ್ಭ ಎಂದು ನಾನು ಈಗಲೇ ತೀರ್ಮಾನಿಸಿದ್ದೇನೆ.

ಇಂತಿ,
ಕತ್ತು ಪೂರ್ತಿ ವಾಸಿಯಾಗಿರುವ, ಅದನ್ನು ಯಾವ ಕಡೆ ತಿರುಗಿಸಿದರೂ ಕೋಣೆಯಲ್ಲಿ ಯಾರೂ ಕಾಣದ,
ಎಗ್ಬರ್ಟ್ ನೋಲ್ಟೆ
ಎರಡನೇ ಮಹಡಿ, ಎಡಗಡೆಯ ಮನೆ