ಬಾಯಲ್ಲಿ ಬಾರದ ಹೆಸರು

ಮರಳೂರು, ತುಮಕೂರು
೯ ಮಾರ್ಚ್ ೨೦೨೫, ಭಾನುವಾರ

ಹೆಸರು ಹೇಳದೆ ನನಗೆ ಮೆಸೇಜು ಕಳಿಸಿದವರಿಗೆ ರೂಪಶ್ರೀ ಮಾಡುವ ಶರಣು.

ನೀವು ಯಾರೆಂದು ನನಗೀಗ ಗೊತ್ತು. ಆದರೂ ಮೊದಲಿನಿಂದಲೇ ಬರೆಯುತ್ತೇನೆ. ಕಳಿಸಿದ್ದು ನೀವು, ಸರಿ; ಓದಿದವಳ ಪಾಡು ಏನಾಯಿತು ಅಂತ ನಿಮಗೆ ಗೊತ್ತಿಲ್ಲವಲ್ಲ.

ಮೊದಲನೆಯದು ಬಂದಾಗ ನಾನು ಗುಬ್ಬಿಯಿಂದ ವಾಪಸ್ ಬರುವ ಬಸ್ಸಿನಲ್ಲಿದ್ದೆ. ಅಜ್ಜಿಗೆ ನಿಶ್ಚಿತಾರ್ಥದ ಫೋಟೋ ತೋರಿಸಿ, ಅವಳು ಕಟ್ಟಿಕೊಟ್ಟ ಕೊಬ್ಬರಿ ಮಿಠಾಯಿ ಮೆಲ್ಲುತ್ತಾ ಕೂತಿದ್ದೆ. ವಾಟ್ಸಾಪಿನಲ್ಲಿ ಫೋಟೋ ಇಲ್ಲದ, ಹೆಸರಿಲ್ಲದ ಒಂದು ನಂಬರು. ‘ರೂಪಶ್ರೀ, ಈ ಮದುವೆ ಬೇಡ ಕಣವ್ವ.’ ಅಷ್ಟೇ. ಯಾರು ನೀವು ಅಂತ ಕೇಳಿದೆ. ಫೋನ್ ಮಾಡಿದೆ, ಎತ್ತಲಿಲ್ಲ.

ಮಾರನೆಯ ದಿನ ಬಟವಾಡಿಯ ಕ್ಲಿನಿಕ್ಕಿನಲ್ಲಿ, ಅದೇ ನಾನು ಕೆಲಸ ಮಾಡುವ ಲ್ಯಾಬಿನಲ್ಲಿ, ಯಾರದೋ ರಕ್ತ ತೆಗೆಯುತ್ತಿರುವಾಗ ಇನ್ನೊಂದು ಬಂತು. ‘ನಿಮ್ಮಪ್ಪ ಸದಾಶಿವಯ್ಯನೋರಿಗೆ ಎಲ್ಲಾ ಮುಚ್ಚಿಟ್ಟವ್ರೆ. ಬ್ರೋಕರ್ ಪುಟ್ಟರಂಗಯ್ಯಂಗೂ ಗೊತ್ತು. ಆ ಹುಡುಗ ಕೈ ಮಾಡ್ತಾನೆ.’ ಸಂಜೆ ಮತ್ತೊಂದು. ‘ನಿಮ್ಮಣ್ಣ ಚನ್ನೇಶನ್ನ ಕುಣಿಗಲ್ಲಿಗೆ ಕಳ್ಸಿ ವಿಚಾರಿಸವ್ವ. ಅವತ್ತು ಹಸಿರು ಸೀರೇಲಿ ಎಷ್ಟು ಲಕ್ಷಣವಾಗಿದ್ದೆ.’

ಹಸಿರು ಸೀರೆ! ಅದನ್ನು ಉಟ್ಟಿದ್ದು ಹೆಣ್ಣು ನೋಡುವ ಶಾಸ್ತ್ರದ ದಿನ ಮಾತ್ರ. ಅವತ್ತು ನಮ್ಮ ಹಜಾರದಲ್ಲಿ ಕೂತು ಉಪ್ಪಿಟ್ಟು ತಿಂದವರಲ್ಲೇ ಯಾರೋ ಇದನ್ನು ಬರೆಯುತ್ತಿದ್ದಾರೆ ಅಂತ ಗೊತ್ತಾಯಿತು. ಸೋದರತ್ತೆಯ ಮೇಲೆ ಅನುಮಾನ ಬಂತು. ತನ್ನ ಮಗನಿಗೆ ನನ್ನನ್ನು ಕೇಳಿ, ಅಪ್ಪ ಕೊಡಲಿಲ್ಲವೆಂದು ಮುಖ ಊದಿಸಿಕೊಂಡಿದ್ದವಳು. ಪಾಪ, ಹಬ್ಬಕ್ಕೆ ಹೋಳಿಗೆ ತಂದುಕೊಟ್ಟರೂ ನಾನು ಅವಳ ಮುಖ ನೋಡಲಿಲ್ಲ.

ನನ್ನ ಕೈಹಿಡಿಯಬೇಕಿದ್ದ ಮಲ್ಲಿಕಾರ್ಜುನ ನನ್ನನ್ನು ದೇವರಾಯನದುರ್ಗಕ್ಕೆ ಕರೆದುಕೊಂಡು ಹೋದದ್ದು ಆ ವಾರವೇ. ಆಗಿನ್ನೂ ಅವನನ್ನು ‘ಅವರು’ ಅನ್ನುತ್ತಿದ್ದೆ. ನಾನು ಕೂರುವ ಬಂಡೆಯನ್ನು ಕರ್ಚೀಫಿನಿಂದ ಒರೆಸಿದ, ಸೌತೆಕಾಯಿಗೆ ಖಾರ ಕಡಿಮೆ ಹಾಕಿಸಿ ತಂದ. ಇಂಥವನ ಮೇಲೆ ಎಂಥ ಮಾತು ಅಂತ ಅಳು ಬಂತು. ಫೋನನ್ನೇ ಅವನ ಕೈಗಿಟ್ಟೆ. ಓದಿ ನಕ್ಕ. ‘ಯಾವ್ದೋ ಹೊಟ್ಟೆಕಿಚ್ಚಿನ ಮುಂಡೇದು. ನಂಬರ್ ಕಳ್ಸು, ನಾನ್ ನೋಡ್ಕೋತೀನಿ’ ಅಂದ. ಕಳಿಸಿದೆ.

ಆಮೇಲೆ ಒಂದು ಮೆಸೇಜೂ ಬರಲಿಲ್ಲ. ಗಂಡಸು ಅಂದರೆ ಹೀಗಿರಬೇಕು ಅಂತ ಅಮ್ಮನ ಹತ್ತಿರ ಜಂಬ ಕೊಚ್ಚಿಕೊಂಡೆ.

ಮದುವೆ ಸೀರೆ ತೆಗೆಯಲು ಅವನ ತಾಯಿ ಗಂಗಾಂಬಿಕೆಯವರು ಕುಣಿಗಲ್ಲಿನಿಂದ ತುಮಕೂರಿಗೆ ಬಂದರು. ಎಡಗೈ ತುಂಬ ಗಾಜಿನ ಬಳೆ, ಬಲಗೈ ಬೋಳು. ಮಗನ ಮದುವೆಯ ಜವಳಿಗೆ ಬಂದ ಮುತ್ತೈದೆ ಹೀಗೆ ಬರುವುದುಂಟೇ? ಅಮ್ಮ ತಡೆಯಲಾರದೆ ಕೇಳಿಯೇಬಿಟ್ಟಳು. ‘ಬಚ್ಚಲಲ್ಲಿ ಜಾರ್ಬುಟ್ಟೆ ಕಣಮ್ಮ, ಬಳೆ ಎಲ್ಲಾ ಒಡೆದೋದ್ವು’ ಅಂದು ಸೆರಗು ಎಳೆದುಕೊಂಡರು.

ಸೀರೆ ಆರಿಸಿದ್ದಾಯಿತು. ಸೆರಗಿಗೆ ಕುಚ್ಚು ಕಟ್ಟಿಸಲು ಅಂಗಡಿಯಲ್ಲೇ ಬಿಡಬೇಕಿತ್ತು. ಮದುವೆ ಸೀರೆಗಳು ಅದಲುಬದಲಾಗಬಾರದಲ್ಲ, ಅಂಗಡಿಯವನು ಗಂಡುಹೆಣ್ಣಿನ ಹೆಸರು ಕೇಳಿದ. ನನ್ನ ಹೆಸರನ್ನು ಅವರೇ ಬರೆಸಿದರು. ಗಂಡಿನ ಹೆಸರಿಗೆ ಬಂದಾಗ ನನ್ನ ಕಡೆ ತಿರುಗಿದರು. ‘ನೀನೇ ಹೇಳವ್ವ. ನಮ್ಮ ಮಾವನೋರ ಹೆಸ್ರನ್ನೇ ಇಟ್ಟಿರೋದು, ನನ್ ಬಾಯಲ್ಲಿ ಬರಕ್ಕಿಲ್ಲ.’ ಹೆತ್ತ ಮಗನನ್ನು ಮತ್ತೆ ಏನಂತ ಕರೀತೀರಿ ಅಂತ ಅಮ್ಮ ಕೇಳಿದಳು. ‘ಹುಡುಗ ಅಂತೀನಿ, ಇನ್ನೇನು’ ಅಂದರು. ಎಲ್ಲರೂ ನಕ್ಕರು. ನಾನೂ ನಗುತ್ತಲೇ ‘ಮಲ್ಲಿಕಾರ್ಜುನ’ ಅಂದೆ.

ಅಂದವಳ ನಗು ಅಲ್ಲೇ ನಿಂತಿತು. ಆ ಮೆಸೇಜುಗಳಲ್ಲಿ ನನ್ನ ಹೆಸರಿತ್ತು. ಅಪ್ಪನದು, ಅಣ್ಣನದು, ಕೊನೆಗೆ ಬ್ರೋಕರನದೂ ಇತ್ತು. ಯಾರ ವಿಷಯ ಹೇಳುತ್ತಿದ್ದರೋ ಅವನ ಹೆಸರು ಮಾತ್ರ ಒಂದು ಕಡೆಯೂ ಇರಲಿಲ್ಲ. ಬರೀ ‘ಆ ಹುಡುಗ’. ಗುಟ್ಟಾಗಿ ಬರೆಯುವಾಗಲೂ ಮಾವನ ಹೆಸರನ್ನು ಬೆರಳ ತುದಿಗೂ ತರದವರು ಇನ್ಯಾರಿರುತ್ತಾರೆ?

ಅತ್ತೆ, ಅದು ನೀವು.

ಸೀರೆ ಹಿಡಿದು ನೋಡುವ ನೆಪದಲ್ಲಿ ನಿಮ್ಮ ಸೆರಗು ಸರಿಸಿದೆ. ಬಲಗೈಯ ಮೇಲೆ ನಾಲ್ಕು ಬೆರಳು ಅಚ್ಚೊತ್ತಿದಂತೆ ಕೂತಿದ್ದವು. ದಿನವೂ ಜನರ ತೋಳು ನೋಡಿಯೇ ಅನ್ನ ತಿನ್ನುವವಳು ನಾನು. ಬಚ್ಚಲಿನ ಕಲ್ಲಿಗೆ ಬೆರಳಿರುವುದಿಲ್ಲ ಅತ್ತೆ. ನಾನು ಕೊಟ್ಟ ನಂಬರಿಗೆ ಅವನು ಫೋನ್ ಮಾಡಿರುತ್ತಾನೆ, ನೀವು ಅವನಿಗೆ ತಿಳಿಯದಂತೆ ಇಟ್ಟುಕೊಂಡಿದ್ದ ಫೋನು ನಿಮ್ಮ ಮನೆಯೊಳಗೇ ರಿಂಗಾಗಿರುತ್ತದೆ. ಅಲ್ಲವೇ ಅಂತ ಕಣ್ಣಲ್ಲೇ ಕೇಳಿದೆ. ನೀವು ನನ್ನ ಕೈ ಅದುಮಿ ಮುಖ ತಿರುಗಿಸಿದಿರಿ. ನನ್ನನ್ನು ಉಳಿಸಲು ಬಂದವರನ್ನು ಅವನ ಕೈಗೆ ಹಿಡಿದುಕೊಟ್ಟೆನಲ್ಲ!

ಮದುವೆ ಬೇಡ ಅಂತ ಮನೆಯಲ್ಲಿ ಹೇಳಿಬಿಟ್ಟಿದ್ದೇನೆ. ಯಾಕೆ ಅಂದರೆ ಹುಡುಗ ಇಷ್ಟವಿಲ್ಲ, ಅಷ್ಟೇ. ಅಪ್ಪ ಮಾತು ಬಿಟ್ಟಿದ್ದಾರೆ. ‘ಯಾವನೋ ಅವ್ನೆ, ಅದ್ಕೇ ಇವ್ಳಿಗೆ ಈ ಬುದ್ಧಿ’ ಅಂತ ನೆಂಟರು ಆಡಿಕೊಳ್ಳುತ್ತಿದ್ದಾರೆ. ನಿಮ್ಮ ಮೆಸೇಜು ತೋರಿಸಿದರೆ ಎಲ್ಲರ ಬಾಯಿಗೂ ಬೀಗ ಬೀಳುತ್ತದೆ. ಆದರೆ ಆ ಮಾತು ಕುಣಿಗಲ್ ಮುಟ್ಟಿದರೆ ನಿಮ್ಮ ಎಡಗೈ ಬಳೆಯೂ ಉಳಿಯುವುದಿಲ್ಲ. ಆಡಿಕೊಳ್ಳಲಿ ಬಿಡಿ, ಆಡುವ ನಾಲಿಗೆಗೆ ಮೂಳೆಯಿಲ್ಲ.

ನಿಮ್ಮ ಬೀದಿಯಲ್ಲಿ ಬಳೆ ತೊಡಿಸುವ ಕದರಮ್ಮ ತುಮಕೂರಿಗೆ ಬಳೆ ಕೊಳ್ಳಲು ಬಂದಾಗ ರಕ್ತ ಪರೀಕ್ಷೆಗೆ ನಮ್ಮ ಲ್ಯಾಬಿಗೆ ಬರುತ್ತಿರುತ್ತಾರೆ. ಈ ಕಾಗದ ಅವರ ಬುಟ್ಟಿಯಲ್ಲಿ ಬರುತ್ತದೆ, ಆ ಬುಟ್ಟಿಗೆ ಗಂಡಸರು ಕೈಹಾಕುವುದಿಲ್ಲ. ನಿಮ್ಮ ಯಜಮಾನರು ಕಂಡೂ ಕಾಣದ ಹಾಗಿರುತ್ತಾರೆ ಅಂತ ಕದರಮ್ಮನೇ ಹೇಳಿದರು. ಹಾಗಿದ್ದರೆ ಆ ಮನೆಯಲ್ಲಿ ನಿಮಗೆ ಯಾರಿದ್ದಾರೆ? ಬಂದುಬಿಡಿ ಅತ್ತೆ. ಕದರಮ್ಮನಿಗೆ ಹೂಂ ಅನ್ನಿ ಸಾಕು, ಬಟವಾಡಿ ಬಸ್‌ಸ್ಟಾಪಿನಲ್ಲಿ ನಾನು ನಿಂತಿರುತ್ತೇನೆ. ಅಮ್ಮನಿಗೆ ಎಲ್ಲವನ್ನೂ ಅವತ್ತೇ ಹೇಳುತ್ತೇನೆ, ನಿಮ್ಮನ್ನು ಎದುರಿಗೆ ಕೂರಿಸಿಕೊಂಡು.

ನಿಮ್ಮ ಮನೆಗೆ ಸೊಸೆಯಾಗಿ ಬಾರದ,
ಆದರೂ ನಿಮ್ಮನ್ನು ಅತ್ತೆ ಎಂದೇ ಕರೆಯುವ
ರೂಪಶ್ರೀ

ತಾ.ಕ.: ನಿನ್ನೆ ಪೊಲೀಸ್ ಠಾಣೆಗೆ ಹೋಗಿ ವಿಚಾರಿಸಿಕೊಂಡು ಬಂದೆ. ದೂರು ಕೊಡುವಾಗ ಹೊಡೆದವನ ಹೆಸರು ಬರೆಸಬೇಕಂತೆ. ಅದಕ್ಕೆ ಹೆದರಬೇಡಿ. ಏನು ನಡೆಯಿತು ಅನ್ನುವುದನ್ನು ನೀವು ಹೇಳಿ, ಪಕ್ಕದಲ್ಲೇ ಕೂತಿರುತ್ತೇನೆ. ಹೆಸರನ್ನು ಸೀರೆ ಅಂಗಡಿಯಲ್ಲಿ ಹೇಳಿದ ಹಾಗೆ ಅಲ್ಲೂ ನಾನೇ ಹೇಳುತ್ತೇನೆ.