ಹಬ್ಬದ ಅಂಗಿ ಕಂಡು ಮಕ್ಕಳ ಮುದ್ದೆ ನಿಲ್ಲಿಸಿದವರಿಗೆ

ನಮ್ಮೂರ ಪುರಸಭೆಯ ಅಧ್ಯಕ್ಷರ ಸನ್ನಿಧಾನಕ್ಕೆ,

ಮಾನ್ಯರೇ,

ಶಾಲೆಯ ಬಡ ಮಕ್ಕಳಿಗೆ ಪುರಸಭೆಯ ಖರ್ಚಿನಲ್ಲಿ ಸಿಗುತ್ತಿದ್ದ ಮಧ್ಯಾಹ್ನದ ಮುದ್ದೆ-ಸಾರನ್ನು ತಾವು ನಿಲ್ಲಿಸಿದ್ದೀರಿ. ಮಕ್ಕಳ ಮೈಮೇಲೆ ಒಳ್ಳೆಯ ಅಂಗಿ ಕಂಡದ್ದೇ ಕಾರಣವಂತೆ. ಆ ಅಂಗಿಗಳನ್ನು ಹೊಲಿದವನು ನಾನು, ಪೇಟೆ ಬೀದಿಯ ದರ್ಜಿ ಖಾಜಾಸಾಬ್. ತಮ್ಮ ಕಚೇರಿಯ ಬಾಗಿಲಲ್ಲಿ ನಿಂತು ನಿಂತು ಸಾಕಾಗಿ ಈಗ ಊರಿಗೆಲ್ಲ ಕೇಳುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ತಮಗೆ ನಾಚಿಕೆಯಾಗಲಿ ಎಂಬುದೇ ನನ್ನ ಉದ್ದೇಶ. ಬೇರೆ ಒಳ್ಳೆಯ ಉದ್ದೇಶವೇನೂ ಇಲ್ಲ.

ತಾವು ಶಾಲೆಗೆ ಬರುವ ಸುದ್ದಿ ಹಿಂದಿನ ದಿನವೇ ಬಂದಿತ್ತು. ನಮ್ಮ ಕಡೆ ದೊಡ್ಡವರು ಬರುತ್ತಾರೆಂದರೆ ಮಕ್ಕಳನ್ನು ಹರಕು ಬಟ್ಟೆಯಲ್ಲಿ ನಿಲ್ಲಿಸುವುದು ಬಂದವರಿಗೆ ಮಾಡುವ ಅವಮಾನ. ಇಲ್ಲದವರು ಇದ್ದವರ ಮನೆಯಿಂದ ಇಸಿದುಕೊಂಡಾದರೂ ತೊಡಿಸುತ್ತಾರೆ. ಬಿಳಿಚೋಡಿನ ಕಡೆಯಿಂದ ಕೂಲಿ ಹುಡುಕಿಕೊಂಡು ಬಂದು, ಈಗ ಮನೆಮನೆಗೆ ಜೋಳ ಬೀಸಿಕೊಡುವ ಹನುಮಂತಮ್ಮ ಅಂದು ಸಂಜೆ ಮಗಳು ಹೊನ್ನೂರಿಯನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದಳು. "ಅಧ್ಯಕ್ಷರು ಬರ್ತಾರಂತೆ ಖಾಜಣ್ಣ, ಇವಳ್ನ ಹಿಂಗೆ ಕಳ್ಸಾಕೆ ಮನಸು ಬರವಲ್ದು. ಒಂದು ಹೊತ್ತಿಗೆ ಏನಾರ ಕೊಡ್ರಿ, ಕೊಳೆ ಆಗ್ದಂಗೆ ತಂದು ಕೊಡ್ತೀನಿ" ಎಂದಳು. ಅವಳ ಹಿಂದೆ ಉಳಿದ ತಾಯಂದಿರೂ ಬಂದರು. ಗಿರಾಕಿಗಳು ಹಬ್ಬಕ್ಕೆಂದು ಹೊಲಿಯಲು ಕೊಟ್ಟಿದ್ದ ಅಂಗಿ, ಲಂಗಗಳನ್ನೆಲ್ಲ ನಾನೇ ಎತ್ತಿ ಕೊಟ್ಟೆ. ತಮ್ಮ ಮರ್ಯಾದೆ ಕಾಯಲು ಹೋದವನು ನಾನು.

ತಾವು ಬಂದಿರಿ, ಹಾರ ಹಾಕಿಸಿಕೊಂಡಿರಿ, ಸಾಲಾಗಿ ನಿಂತ ಮಕ್ಕಳನ್ನು ನೋಡಿದಿರಿ. ಹೊನ್ನೂರಿಯ ಲಂಗದ ಅಂಚನ್ನು ಕೈಯಲ್ಲಿ ಹಿಡಿದು, "ಇವರೇನ್ರೀ ಬಡವರು? ನನ್ನ ಮೊಮ್ಮಗಳಿಗೂ ಇಂಥಾದ್ದು ಇಲ್ಲ. ಇವರಿಗೆ ಪುರಸಭೆ ಯಾಕೆ ಉಣ್ಣಾಕೆ ಇಡ್ಬೇಕು?" ಎಂದು ಹೆಡ್‌ಮೇಷ್ಟ್ರು ತಿಪ್ಪೇಶಪ್ಪನವರನ್ನು ಕೇಳಿದಿರಿ. ಅದು ಒಂದು ಹೊತ್ತಿಗೆ ತಂದ ಬಟ್ಟೆ ಎಂದು ಅವರು ಹೇಳುವಷ್ಟರಲ್ಲಿ ತಾವು ಗಾಡಿ ಹತ್ತಿದ್ದಿರಿ. ಮರುದಿನ ಅಡುಗೆಯ ಗಿಡ್ಡಮ್ಮನ ಒಲೆ ಹೊತ್ತಲಿಲ್ಲ. ವಿಷಯ ತಿಳಿಸಲು ಕಚೇರಿಗೆ ಬಂದ ನನಗೆ, "ಕಣ್ಣಾರೆ ಕಂಡಿದ್ದೀನಿ, ದರ್ಜಿ ಮಾತು ಕೇಳಿ ಆಡಳಿತ ಮಾಡಾಕೆ ಆಗಲ್ಲ" ಎಂದು ಹೇಳಿ ಕಳಿಸಿದಿರಿ.

ಕಣ್ಣಾರೆ ಕಂಡಿರಂತೆ. ಹೊನ್ನೂರಿಯ ಒಡೆದ ಬರಿಗಾಲು ಕಂಡಿರಾ? ಲಂಗದ ನೆರಿಗೆಯ ಮೇಲೆ ಬಿದ್ದ ತಮ್ಮ ಕಣ್ಣು ಒಂದು ಮೊಳ ಮೇಲೆ ಹೋಗಿ ಅವಳ ಮುಖಕ್ಕೆ ತಾಗಲಿಲ್ಲವೇಕೆ? ಯುದ್ಧದ ಕಾಲ, ಕಾಳು ಸಿಗುತ್ತಿಲ್ಲ, ಎಲ್ಲರೂ ಬಿಗಿ ಹಿಡಿಯಬೇಕು ಎಂದು ಭಾಷಣ ಮಾಡುತ್ತೀರಿ. ಒಪ್ಪಿದೆ. ಬಿಗಿ ಹಿಡಿಯಲು ತಮಗೆ ಸಿಕ್ಕಿದ್ದು ಮಕ್ಕಳ ಹೊಟ್ಟೆ ಮಾತ್ರವೇ? ಅಂದು ತಮಗೆ ಹಾಕಿದ ಹಾರ, ಕೊಟ್ಟ ಉಪ್ಪಿಟ್ಟು ಯಾವ ಯುದ್ಧಕ್ಕೆ ಸಂದವು? ಹೊನ್ನೂರಿ ಈಗ ಶಾಲೆಗೆ ಬರುವುದಿಲ್ಲ. ತಾಯಿಯ ಎದುರು ಕೂತು ಬೀಸುವ ಕಲ್ಲಿನ ಗೂಟಕ್ಕೆ ಕೈ ಕೊಡುತ್ತಾಳೆ, ಬೀಸಿದ ಮನೆಯವರು ಒಂದು ರೊಟ್ಟಿ ಕೊಡುತ್ತಾರೆಂದು. ಒಂದನೇ ಪುಸ್ತಕ ಮುಗಿಸಿ ಎರಡನೆಯದಕ್ಕೆ ಬಂದಿದ್ದ ಹುಡುಗಿ.

ಇನ್ನು ತಮ್ಮ ಕೋಟಿನ ವಿಷಯ. ದಸರೆಗೆ ಮೈಸೂರಿಗೆ ತೊಟ್ಟು ಹೋಗಲೆಂದು ತಾವು ಹೊಲಿಯಲು ಕೊಟ್ಟ ಕಪ್ಪು ಕ್ಲೋಸ್ ಕಾಲರ್ ಕೋಟು ನನ್ನ ಅಂಗಡಿಯಲ್ಲಿ ತೂಗುತ್ತಿದೆ. ಹೊಲಿಗೆ ಮುಗಿದಿದೆ, ಗುಂಡಿ ಹಚ್ಚಿಲ್ಲ. ಹಚ್ಚುವುದೂ ಇಲ್ಲ. ಹೊನ್ನಾಳಿ, ಚನ್ನಗಿರಿ, ನ್ಯಾಮತಿ, ಜಗಳೂರಿನ ದರ್ಜಿಗಳಿಗೆಲ್ಲ ಸಂಗತಿ ತಿಳಿಸಿದ್ದೇನೆ. ಅವರಿಗೂ ಮಕ್ಕಳಿದ್ದಾರೆ. ಹೋದ ವರ್ಷದ ಕೋಟು ತೊಟ್ಟು ಹೋಗೋಣವೆಂದರೆ ಒಮ್ಮೆ ಕನ್ನಡಿ ಮುಂದೆ ಗುಂಡಿ ಹಾಕಿ ನೋಡಿ. ಗಿರಾಕಿಯ ಅಳತೆ ಬಯಲು ಮಾಡುವುದು ನನ್ನ ಕಸುಬಿಗೆ ಶೋಭೆಯಲ್ಲ, ಆದ್ದರಿಂದ ಬರೆಯುವುದಿಲ್ಲ. ಹಳೆಯ ಕೋಟೇ ಹೇಳುತ್ತದೆ.

ನಿನ್ನೆ ಹೊನ್ನೂರಿ ಹಿಟ್ಟು ಮುಟ್ಟಿಸಿ ಬರುವಾಗ ಅಂಗಡಿಗೆ ಬಂದಳು. ತಮ್ಮ ತೀರ್ಪು ಪರೀಕ್ಷಿಸೋಣವೆಂದು ತಮ್ಮ ಕೋಟನ್ನು ಇಳಿಸಿ ಅವಳಿಗೆ ತೊಡಿಸಿದೆ. ಅದು ಅವಳ ಪಾದ ಮುಚ್ಚಿತು. ಊರಿನಲ್ಲೇ ಅದಕ್ಕಿಂತ ಒಳ್ಳೆಯ ಬಟ್ಟೆ ಇಲ್ಲ. "ಈಗ ಹೊಟ್ಟೆ ತುಂಬಿತೇನವ್ವಾ?" ಎಂದು ಕೇಳಿದೆ.

ಅವಳು ಜೋತುಬಿದ್ದ ತೋಳುಗಳನ್ನು ಎತ್ತಿ ನೋಡಿಕೊಂಡಳು. "ಇಲ್ಲ ಮಾವ, ಬರೇ ಭಾರ ಐತೆ" ಎಂದಳು.

ಗಿಡ್ಡಮ್ಮನ ಒಲೆ ಹೊತ್ತಲಿ. ತಾವೇ ಶಾಲೆಗೆ ಬಂದು, ಹಾರವಿಲ್ಲದೆ, ಹೊನ್ನೂರಿಯ ತಟ್ಟೆಗೆ ತಮ್ಮ ಕೈಯಿಂದ ಮುದ್ದೆ ಇಡಿ. ಅವಳು ಉಂಡು ಕೈ ತೊಳೆದ ಮೇಲೆ, ಅಲ್ಲೇ ಜಗಲಿಯ ಮೇಲೆ ಕೂತು, ತಮ್ಮ ಎದುರಿಗೇ ಗುಂಡಿ ಹಚ್ಚಿಕೊಡುತ್ತೇನೆ. ಅಲ್ಲಿಯವರೆಗೆ ಕೋಟು ಅಂಗಡಿಯ ಮುಂಬಾಗಿಲಲ್ಲಿ, ದಾರಿಹೋಕರೆಲ್ಲ ನೋಡುವಂತೆ ತೂಗುತ್ತದೆ. ಅದು ಯಾರದೆಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಇಂತಿ,
ತಮ್ಮ ಹೊಟ್ಟೆಯ ಅಳತೆ ಚೆನ್ನಾಗಿ ಬಲ್ಲ, ತಮ್ಮ ಮರ್ಯಾದೆಗೆ ಅಂಗಿ ಕೊಟ್ಟು ಮಕ್ಕಳ ತುತ್ತು ಕಳೆದ,
ದರ್ಜಿ ಖಾಜಾಸಾಬ್